ಕಾರ್ಡ್ ಮೆಷಿನ್ ಯಾವುದು ತಗೊಳ್ಳಲಿ? ಮೊದಲು ನಿಮ್ಮ ಸ್ಲಿಪ್ ಎಣಿಸಿ

ಪ್ರಶ್ನೆ: ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಸೀರೆ ಅಂಗಡಿ ಇದೆ. ನಾನು, ನನ್ನ ತಂಗಿ ಇಬ್ಬರೇ ನೋಡಿಕೊಳ್ಳುತ್ತೇವೆ. ವರ್ಷಕ್ಕೆ ಸುಮಾರು 50 ಲಕ್ಷದ ವ್ಯಾಪಾರ. ಜಿಎಸ್‌ಟಿ ಇದೆ. ಹೆಚ್ಚಿನವರು ಫೋನ್‌ಪೇ, ಗೂಗಲ್‌ಪೇ ಮಾಡುತ್ತಾರೆ. ಮದುವೆ ಸೀಸನ್‌ನಲ್ಲಿ ಮಾತ್ರ ಕಾರ್ಡ್ ಕೊಡುವವರು ಜಾಸ್ತಿ. ಅವರನ್ನು ಪಕ್ಕದ ಅಂಗಡಿಗೆ ಕಳಿಸಿ ಅಲ್ಲಿನ ಮೆಷಿನ್‌ನಲ್ಲಿ ಉಜ್ಜಿಸುತ್ತೇವೆ. ಪಕ್ಕದವರು ನೂರಕ್ಕೆ 2 ರೂಪಾಯಿ ಹಿಡಿದುಕೊಂಡು ಸಂಜೆ ಕ್ಯಾಶ್ ಕೊಡುತ್ತಾರೆ. ಸೀಸನ್‌ನಲ್ಲಿ ತಿಂಗಳಿಗೆ ಒಂದೂವರೆ ಲಕ್ಷ, ಉಳಿದ ತಿಂಗಳು 30 ಸಾವಿರ ಹೀಗೆ ಬರುತ್ತದೆ. ಸ್ವಂತ ಮೆಷಿನ್ ಇಡೋಣ ಅಂತ ವಿಚಾರಿಸಿದ್ದಕ್ಕೆ ಮೂರು ಜನ ಬಂದು ಹೋದರು. ಬ್ಯಾಂಕಿನವರು ತಿಂಗಳಿಗೆ 400 ರೂಪಾಯಿ ಬಾಡಿಗೆ, ಡೆಬಿಟ್‌ಗೆ 0.9, ಕ್ರೆಡಿಟ್‌ಗೆ 1.6 ಪರ್ಸೆಂಟ್ ಅಂದರು. ಆದರೆ ಅವರಲ್ಲೇ ಕರೆಂಟ್ ಅಕೌಂಟ್ ತೆರೆದು 50 ಸಾವಿರ ಇಟ್ಟಿರಬೇಕಂತೆ. ಇನ್ನೊಂದು ಕಂಪನಿಯ ಏಜೆಂಟ್ ಬಾಡಿಗೆ ಬೇಡ, ಎಲ್ಲ ಕಾರ್ಡ್‌ಗೂ 1.8 ಅಂದ. ಮೂರನೆಯವನು ‘ಎಲ್ಲ ಜೀರೋ ಮೇಡಂ’ ಅನ್ನುತ್ತಾನೆ. ಯಾವುದು ತಗೊಳ್ಳಲಿ? ಮೆಷಿನ್ ಇಟ್ಟರೆ ತೆರಿಗೆಯವರು ಹುಡುಕಿಕೊಂಡು ಬರುತ್ತಾರೆ ಅಂತ ಅಪ್ಪ ಬೇರೆ ಹೆದರುತ್ತಾರೆ. ಅದು ನಿಜವಾ?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಪತ್ರ ಓದಿ ಮೊದಲು ಹೇಳಬೇಕು ಅನ್ನಿಸಿದ್ದು ಮೆಷಿನ್ ವಿಷಯ ಅಲ್ಲ. ಪಕ್ಕದ ಅಂಗಡಿಗೆ ಗಿರಾಕಿ ಕಳಿಸುವುದನ್ನು ಈ ವಾರವೇ ನಿಲ್ಲಿಸಿ. ಅವರು ಒಳ್ಳೆಯವರೇ ಇರಬಹುದು. ಆದರೆ ಸೀರೆ ಮಾರಿದ್ದು ನೀವು, ದುಡ್ಡು ಬಂದದ್ದು ಅವರ ಖಾತೆಗೆ. ನಿಮ್ಮ ಜಿಎಸ್‌ಟಿ ರಿಟರ್ನ್‌ನಲ್ಲಿ ಬಿಲ್ ಇದೆ, ಬ್ಯಾಂಕಿನಲ್ಲಿ ಆ ದುಡ್ಡಿನ ಗುರುತೇ ಇಲ್ಲ. ಅವರಿಗೆ ಉಲ್ಟಾ. ಬ್ಯಾಂಕಿನಲ್ಲಿ ದುಡ್ಡಿದೆ, ಬಿಲ್ ಇಲ್ಲ. ನಾಳೆ ಆ ಗಿರಾಕಿ ತನ್ನ ಬ್ಯಾಂಕಿಗೆ ಹೋಗಿ ‘ಈ ಅಂಗಡಿಯಲ್ಲಿ ನಾನು ಏನೂ ಕೊಂಡಿಲ್ಲ’ ಅಂದರೆ ಅದು ಒಂದು ಲೆಕ್ಕಕ್ಕೆ ನಿಜವೇ. ಆ ದುಡ್ಡು ಪಕ್ಕದವರ ಖಾತೆಯಿಂದ ವಾಪಸ್ ಹೋಗುತ್ತದೆ. ಆಮೇಲೆ ಜಗಳ ನಿಮ್ಮಿಬ್ಬರ ನಡುವೆ. ಒಬ್ಬರಿಗೆ ಕೊಟ್ಟ ಮೆಷಿನ್‌ನಲ್ಲಿ ಇನ್ನೊಬ್ಬರ ವ್ಯಾಪಾರ ಉಜ್ಜುವುದು ಅವರ ಒಪ್ಪಂದಕ್ಕೂ ವಿರುದ್ಧ. ಬ್ಯಾಂಕಿಗೆ ಗೊತ್ತಾದರೆ ಅವರ ಮೆಷಿನ್ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನಾನು 14 ವರ್ಷ ಒಂದು ಬ್ಯಾಂಕಿನಲ್ಲಿ ಅಂಗಡಿಗಳಿಗೆ ಇದೇ ಮೆಷಿನ್ ಕೊಡುವ ವಿಭಾಗದಲ್ಲಿದ್ದೆ. ‘ನಿಮ್ಮ ರೇಟ್ ಎಷ್ಟು?’ ಅಂತ ಕೇಳದ ಅಂಗಡಿಯವರು ಇಲ್ಲ. ‘ನನ್ನ ಗಿರಾಕಿಗಳ ಹತ್ತಿರ ಯಾವ ಕಾರ್ಡ್ ಇದೆ?’ ಅಂತ ತಮ್ಮನ್ನೇ ಕೇಳಿಕೊಂಡವರು ಬೆರಳೆಣಿಕೆಯಷ್ಟು. ಆ ಎರಡನೇ ಪ್ರಶ್ನೆಯಲ್ಲೇ ನಿಮ್ಮ ಉತ್ತರ ಇದೆ. ಯಾಕೆಂದರೆ ಒಂದೊಂದು ಕಾರ್ಡ್‌ಗೆ ನಿಯಮವೇ ಬೇರೆ.

ರುಪೇ ಡೆಬಿಟ್ ಕಾರ್ಡ್‌ಗೆ ಅಂಗಡಿಯವರಿಂದ ಪರ್ಸೆಂಟ್ ತಗೊಳ್ಳುವ ಹಾಗೇ ಇಲ್ಲ. 2020ರ ಜನವರಿ 1ರಿಂದ ಅದು ಸೊನ್ನೆ. ಯುಪಿಐಗೂ ಆವತ್ತಿನಿಂದಲೇ ಸೊನ್ನೆ. ವೀಸಾ, ಮಾಸ್ಟರ್‌ಕಾರ್ಡ್ ಡೆಬಿಟ್‌ಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ಅದು 2018ರ ಜನವರಿಯಿಂದ ಜಾರಿಯಲ್ಲಿದೆ. ವರ್ಷದ ವ್ಯಾಪಾರ 20 ಲಕ್ಷದವರೆಗಿನ ಅಂಗಡಿಗೆ ಮೆಷಿನ್‌ನಲ್ಲಿ ಹೆಚ್ಚೆಂದರೆ 0.40 ಪರ್ಸೆಂಟ್, ಅದಕ್ಕಿಂತ ದೊಡ್ಡ ಅಂಗಡಿಗೆ ಹೆಚ್ಚೆಂದರೆ 0.90. ನೀವು ಎರಡನೇ ಗುಂಪಿಗೆ ಬರುತ್ತೀರಿ. ಬಿಲ್ ಎಷ್ಟೇ ದೊಡ್ಡದಾಗಲಿ, ಒಂದು ಸಲಕ್ಕೆ 1,000 ರೂಪಾಯಿಗಿಂತ ಜಾಸ್ತಿ ಹಿಡಿಯುವಂತಿಲ್ಲ. ಕ್ರೆಡಿಟ್ ಕಾರ್ಡ್‌ಗೆ ಮಾತ್ರ ಇಂಥ ಮಿತಿ ಇಲ್ಲ. ಅಲ್ಲಿ ಏನಿದ್ದರೂ ಚೌಕಾಸಿ.

ಇದು ಗೊತ್ತಾದ ಮೇಲೆ ಆ ಎರಡನೇ ಏಜೆಂಟ್ ಹೇಳಿದ್ದನ್ನು ಮತ್ತೊಮ್ಮೆ ಓದಿ. ‘ಎಲ್ಲ ಕಾರ್ಡ್‌ಗೂ 1.8.’ ಸೊನ್ನೆ ಇರಬೇಕಾದಲ್ಲೂ 1.8, 0.9 ದಾಟಬಾರದ ಕಡೆಯೂ 1.8. ಆ ಹುಡುಗನಿಗೆ ಮೋಸ ಮಾಡುವ ಉದ್ದೇಶ ಇರಲಿಕ್ಕಿಲ್ಲ. ಕಂಪನಿ ಕೊಟ್ಟ ಹಾಳೆಯಲ್ಲಿ ಸುಲಭವಾಗಲಿ ಅಂತ ಒಂದೇ ನಂಬರ್ ಬರೆದಿರುತ್ತಾರೆ. ಆದರೆ ಕಂಪನಿ ಯಾವುದೇ ಇರಲಿ, ಅದರ ಹಿಂದೆ ಕಾರ್ಡ್ ದುಡ್ಡು ಸ್ವೀಕರಿಸುವ ಒಂದು ಬ್ಯಾಂಕ್ ಇದ್ದೇ ಇರುತ್ತದೆ. ಆ ಬ್ಯಾಂಕಿಗೆ ಈ ನಿಯಮ ಅನ್ವಯಿಸುತ್ತದೆ.

ಒಂದು ಕೆಲಸ ಮಾಡಿ. ಪಕ್ಕದವರ ಹತ್ತಿರ ಕಳೆದ ಸೀಸನ್‌ನ ಸ್ಲಿಪ್ ಇರುತ್ತವೆ, ಕೇಳಿ ತಗೊಳ್ಳಿ. ಕಾರ್ಡ್ ಯಾವುದು ಅಂತ ಸ್ಲಿಪ್ ಮೇಲೆ ಅಚ್ಚಾಗಿರುತ್ತದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಅಕ್ಕ ತಂಗಿ ಕೂತು ಮೂರು ಗುಂಪು ಮಾಡಿ: ರುಪೇ ಡೆಬಿಟ್, ಬೇರೆ ಡೆಬಿಟ್, ಕ್ರೆಡಿಟ್. ಈ ವಿಂಗಡಣೆ ನಿಮ್ಮ ಪತ್ರದಲ್ಲಿ ಇಲ್ಲ. ಹಾಗಾಗಿ ನಾನೊಂದು ಅಂದಾಜು ಹಿಡಿಯುತ್ತೇನೆ. ಸೀಸನ್ ತಿಂಗಳ ಒಂದೂವರೆ ಲಕ್ಷದಲ್ಲಿ ರುಪೇ ಡೆಬಿಟ್ 20 ಸಾವಿರ, ಬೇರೆ ಡೆಬಿಟ್ 40 ಸಾವಿರ, ಕ್ರೆಡಿಟ್ 90 ಸಾವಿರ ಅಂತಿಟ್ಟುಕೊಳ್ಳಿ.

ಬ್ಯಾಂಕಿನ ಲೆಕ್ಕ: ರುಪೇ ಡೆಬಿಟ್‌ಗೆ ಸೊನ್ನೆ, ಬೇರೆ ಡೆಬಿಟ್‌ಗೆ 360, ಕ್ರೆಡಿಟ್‌ಗೆ 1,440, ಬಾಡಿಗೆ 400. ಒಟ್ಟು 2,200. ಏಜೆಂಟ್ ಲೆಕ್ಕ: ಒಂದೂವರೆ ಲಕ್ಷಕ್ಕೆ 1.8ರಂತೆ 2,700. ಬ್ಯಾಂಕೇ ಅಗ್ಗ ಅನ್ನಿಸುತ್ತೆ, ಅಲ್ವಾ? ಸೀಸನ್ ಮುಗಿದ ಮೇಲೆ ನೋಡಿ. ಅದೇ ಪ್ರಮಾಣದಲ್ಲಿ 30 ಸಾವಿರ ಬಂದರೆ ಬ್ಯಾಂಕಿಗೆ 760, ಏಜೆಂಟ್‌ಗೆ 540. ಮೆಷಿನ್ ಸುಮ್ನೆ ಕೂತಿದ್ದರೂ 400 ರೂಪಾಯಿ ಬಾಡಿಗೆ ಹೋಗುತ್ತಲೇ ಇರುತ್ತದೆ. ಈ ರೇಟ್‌ಗಳಲ್ಲಿ ತಿಂಗಳ ಕಾರ್ಡ್ ವ್ಯಾಪಾರ ಸುಮಾರು 67 ಸಾವಿರ ದಾಟಿದರೆ ಮಾತ್ರ ಬ್ಯಾಂಕಿನದು ಅಗ್ಗ.

ನಾಲ್ಕು ತಿಂಗಳು ಸೀಸನ್, ಎಂಟು ತಿಂಗಳು ಸಾಧಾರಣ ಅಂತ ಇಡೀ ವರ್ಷದ ಲೆಕ್ಕ ಹಾಕಿದೆ. ಬ್ಯಾಂಕಿಗೆ 14,880. ಏಜೆಂಟ್‌ಗೆ 15,120. ವ್ಯತ್ಯಾಸ ಬರೀ 240 ರೂಪಾಯಿ! ಆದರೆ ಬ್ಯಾಂಕಿನಲ್ಲಿ ನಿಮ್ಮ 50 ಸಾವಿರ ಕರೆಂಟ್ ಅಕೌಂಟ್‌ನಲ್ಲಿ ಬಡ್ಡಿ ಇಲ್ಲದೆ ಮಲಗಿರುತ್ತದೆ. ನೂರಕ್ಕೆ 6ರಂತೆ ಎಫ್‌ಡಿ ಇಟ್ಟಿದ್ದರೂ ವರ್ಷಕ್ಕೆ 3,000 ಬರುತ್ತಿತ್ತು. ಅದನ್ನೂ ಸೇರಿಸಿದರೆ ಬ್ಯಾಂಕಿನದು 17,880 ಆಯಿತು. ಇವತ್ತು ಪಕ್ಕದವರಿಗೆ ನೀವು ಕೊಡುತ್ತಿರುವುದೇ 16,800.

ಈಗ ಆ ಏಜೆಂಟ್‌ನನ್ನು ವಾಪಸ್ ಕರೆಸಿ. ಕಾಫಿ ಕೊಟ್ಟು ಕೂರಿಸಿ, ಹೀಗೆ ಕೇಳಿ: ‘ಕ್ರೆಡಿಟ್‌ಗೆ ನಿಮ್ಮ 1.8 ಇರಲಿ. ರುಪೇ ಡೆಬಿಟ್‌ಗೆ ಸೊನ್ನೆ, ಬೇರೆ ಡೆಬಿಟ್‌ಗೆ 0.9 ಅಂತ ಒಪ್ಪಂದದಲ್ಲಿ ಬೇರೆ ಬೇರೆ ಬರೆದುಕೊಡ್ತೀರಾ?’ ಒಪ್ಪಿದರೆ ಸೀಸನ್ ತಿಂಗಳಿಗೆ 1,980, ಸಾಧಾರಣ ತಿಂಗಳಿಗೆ 396. ವರ್ಷಕ್ಕೆ 11,088. ನಿಯಮದಲ್ಲಿ ಇರುವುದನ್ನೇ ಕೇಳಿದ್ದಕ್ಕೆ 4,000 ಉಳಿಯಿತು. ಒಪ್ಪದಿದ್ದರೆ ಇನ್ನೊಂದು ಕಂಪನಿ ನೋಡಿ. ಬ್ಯಾಂಕಿನವರ ಹತ್ತಿರವೂ ಇದೇ ಕಾಗದ ಹಿಡಿದು ಕೂತುಕೊಳ್ಳಿ. ಬಾಡಿಗೆ ಬಿಡಿಸಿ, ಬ್ಯಾಲೆನ್ಸ್ 10 ಸಾವಿರಕ್ಕೆ ಇಳಿಸಿ ಅಂತ ಕೇಳಿ. ಎಷ್ಟೋ ಸಲ ಬ್ರಾಂಚ್ ಮ್ಯಾನೇಜರ್ ಒಪ್ಪುವುದನ್ನು ನಾನೇ ನೋಡಿದ್ದೇನೆ. ಬಾಡಿಗೆ ಬಿಟ್ಟ ಬ್ಯಾಂಕ್ ಸಿಕ್ಕರೆ ಕ್ರೆಡಿಟ್‌ನ 1.6 ಇನ್ನೂ ಲಾಭ.

ಈ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬರುತ್ತದೆ. ಒಂದು ಸಲಕ್ಕೆ 2,000 ರೂಪಾಯಿವರೆಗಿನ ಕಾರ್ಡ್ ಪಾವತಿಗೆ ಅದು ಇಲ್ಲ, ಆದರೆ ನಿಮ್ಮ ಬಿಲ್‌ಗಳು ಹೆಚ್ಚಾಗಿ ಅದನ್ನು ದಾಟಿರುತ್ತವೆ. ನೀವು ಕಾಂಪೊಸಿಶನ್‌ನಲ್ಲಿ (ಒಟ್ಟು ವ್ಯಾಪಾರದ ಮೇಲೆ ಒಂದೇ ಸಣ್ಣ ದರ ಕಟ್ಟುವ ಸ್ಕೀಮ್) ಇಲ್ಲದೆ ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದರೆ ಆ ತೆರಿಗೆಗೆ ಇನ್‌ಪುಟ್ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಬಹುದು. ಅರ್ಜಿಯಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಬರೆಸಿ, ಪ್ರತಿ ತಿಂಗಳು ಟ್ಯಾಕ್ಸ್ ಇನ್‌ವಾಯ್ಸ್ ತರಿಸಿಕೊಳ್ಳಿ. ಅದಕ್ಕೇ ಮೇಲಿನ ಲೆಕ್ಕದಲ್ಲಿ ನಾನು ಜಿಎಸ್‌ಟಿ ಸೇರಿಸಲಿಲ್ಲ.

ಇನ್ನು ‘ಎಲ್ಲ ಜೀರೋ’ ಅಂದವನ ವಿಷಯ. ಕ್ರೆಡಿಟ್ ಕಾರ್ಡ್‌ನ ಪರ್ಸೆಂಟ್ ಎಲ್ಲಿಗೆ ಹೋಗುತ್ತದೆ ಗೊತ್ತಾ? ದೊಡ್ಡ ಪಾಲು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಒಂದು ಚೂರು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಕ್ಕೆ. ಉಳಿದದ್ದು ಮೆಷಿನ್ ಕೊಟ್ಟವರಿಗೆ. ಮೆಷಿನ್ ಕೊಟ್ಟವನು ತನ್ನ ಪಾಲು ಬಿಟ್ಟುಕೊಡಬಹುದು, ಬ್ಯಾಂಕಿನ ಪಾಲು ಬಿಡಲು ಅವನಿಗೆ ಆಗುವುದಿಲ್ಲ. ಹಾಗಾದರೆ ಆ ದುಡ್ಡು ಎಲ್ಲಿಂದಲೋ ಬರಲೇಬೇಕು. ಒಂದೋ ಅವನು ಯುಪಿಐ, ರುಪೇ ಡೆಬಿಟ್ ಮಾತ್ರ ಹೇಳುತ್ತಿದ್ದಾನೆ. ಇಲ್ಲವೇ ಮೊದಲ ಮೂರು ತಿಂಗಳು ಮಾತ್ರ ಜೀರೋ. ಇಲ್ಲವೇ ಆ ಪರ್ಸೆಂಟನ್ನು ಗಿರಾಕಿಯಿಂದ ಹಿಡಿಯುವ ಹಾಗೆ ಮೆಷಿನ್ ಹೊಂದಿಸಿಕೊಡುತ್ತಾನೆ. ಈ ಕೊನೆಯದಕ್ಕೆ ಒಪ್ಪಲೇಬೇಡಿ. ಡೆಬಿಟ್ ಕಾರ್ಡ್‌ನಲ್ಲಿ ಅಂಗಡಿಯವರು ಈ ಶುಲ್ಕವನ್ನು ಗಿರಾಕಿಯ ತಲೆಗೆ ಕಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಕ್ರೆಡಿಟ್‌ನಲ್ಲೂ ನೀವು ಸಹಿ ಹಾಕುವ ಒಪ್ಪಂದ ಸಾಮಾನ್ಯವಾಗಿ ಅದನ್ನು ಬಿಡುವುದಿಲ್ಲ. ಅದಿರಲಿ, 8,000 ರೂಪಾಯಿ ಸೀರೆ ಒಪ್ಪಿಸಿ, ಚೌಕಾಸಿ ಮುಗಿಸಿ, ಕಾರ್ಡ್ ತೆಗೆದ ಮೇಲೆ ‘ಎರಡು ಪರ್ಸೆಂಟ್ ಎಕ್ಸ್‌ಟ್ರಾ’ ಅಂದರೆ ಆ ಅತ್ತೆ ಸೊಸೆ ಮುಖ ಹೇಗಾಗುತ್ತೆ ಅಂತ ನಿಮಗೇ ಗೊತ್ತು.

ಯುಪಿಐ ಬಗ್ಗೆಯೂ ಒಂದು ವಿಷಯ ಗಮನಿಸಿ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡು ಸ್ಕ್ಯಾನ್ ಮಾಡಬಹುದು. ಗಿರಾಕಿ ಸ್ಕ್ಯಾನ್ ಮಾಡಿದ್ದು ಖಾತೆಯಿಂದಲೋ ಕ್ರೆಡಿಟ್ ಕಾರ್ಡ್‌ನಿಂದಲೋ ಗಲ್ಲಾದಲ್ಲಿ ಕೂತ ನಿಮಗೆ ಗೊತ್ತೇ ಆಗುವುದಿಲ್ಲ. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗೆ ಇದಕ್ಕೆ ಶುಲ್ಕ ಇಲ್ಲ. ಅದಕ್ಕಿಂತ ಮೇಲಿದ್ದರೆ ಕ್ರೆಡಿಟ್ ಕಾರ್ಡ್ ಹಾಗೇ ಪರ್ಸೆಂಟ್ ಹೋಗುತ್ತದೆ. ಸೀರೆ ಅಂಗಡಿಗೆ ಇದು ಮುಖ್ಯ. ಕ್ಯೂಆರ್ ಮೇಲೆ ಬರುವ ಕ್ರೆಡಿಟ್‌ಗೆ ರೇಟ್ ಎಷ್ಟು ಅಂತ ಬೇರೆಯಾಗಿ ಕೇಳಿ ಬರೆಸಿಕೊಳ್ಳಿ. ಅಂದ ಹಾಗೆ, ಗೋಡೆಗೆ ಅಂಟಿಸಿರುವುದು ನಿಮ್ಮ ಸ್ವಂತ ನಂಬರಿನ ಕ್ಯೂಆರ್ ಆಗಿದ್ದರೆ ಅದರಲ್ಲಿ ಕ್ರೆಡಿಟ್ ಕಾರ್ಡ್ ನಡೆಯುವುದೇ ಇಲ್ಲ. ಅಂಗಡಿ ಹೆಸರಿನ ಕ್ಯೂಆರ್ ಬೇಕು.

ಒಪ್ಪಂದದ ಹಾಳೆಯಲ್ಲಿ ರೇಟ್ ಇರುವ ಜಾಗ ನೋಡಿದ ಮೇಲೆ ಅಲ್ಲಿಗೇ ನಿಲ್ಲಬೇಡಿ. ‘ಕ್ರೆಡಿಟ್ 1.6’ ಅನ್ನುವುದು ಎಷ್ಟೋ ಸಲ ಸಾಧಾರಣ ಕಾರ್ಡ್‌ಗೆ ಮಾತ್ರ. ಪ್ರೀಮಿಯಂ ಕಾರ್ಡ್, ಕಂಪನಿ ಕಾರ್ಡ್, ಹೊರದೇಶದ ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್ ಇವಕ್ಕೆ ಬೇರೆ ಬೇರೆ, ಜಾಸ್ತಿ ರೇಟ್ ಇರುತ್ತದೆ. ಆಮೇಲೆ ‘ತಿಂಗಳಿಗೆ ಕನಿಷ್ಠ ಇಷ್ಟು ಉಜ್ಜದಿದ್ದರೆ ಚಾರ್ಜ್’ ಅನ್ನುವ ಸಾಲು ಹುಡುಕಿ. ಸೀಸನ್ ವ್ಯಾಪಾರದವರಿಗೆ ಅದೇ ದೊಡ್ಡ ಹೊರೆ. ಎಷ್ಟು ತಿಂಗಳು ಬಿಡುವಂತಿಲ್ಲ, ಮೆಷಿನ್ ಹಾಳಾದರೆ ಎಷ್ಟು ಕಟ್ಟಬೇಕು, ರೇಟ್ ಬದಲಾಯಿಸಿದರೆ ಮೊದಲೇ ತಿಳಿಸುತ್ತಾರಾ, ಇವೂ ಅಲ್ಲೇ ಇರುತ್ತವೆ. ಖಾಲಿ ಬಿಟ್ಟ ಫಾರ್ಮ್‌ಗೆ ಸಹಿ ಹಾಕಬೇಡಿ. ‘ಆಫೀಸಲ್ಲಿ ತುಂಬಿಕೊಳ್ತೀವಿ’ ಅನ್ನುತ್ತಾರೆ. ಅಲ್ಲೇ ತುಂಬಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಬ್ಯಾಂಕ್ ಅಲ್ಲದ ಕಂಪನಿಯಾದರೆ ಪೇಮೆಂಟ್ ಅಗ್ರಿಗೇಟರ್ (ಗಿರಾಕಿಯ ದುಡ್ಡು ಪಡೆದು ಅಂಗಡಿಗೆ ತಲುಪಿಸುವ ಕಂಪನಿ) ಅನುಮತಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ, ಅದರಲ್ಲಿ ಹೆಸರು ನೋಡಿ. 2025ರ ಸೆಪ್ಟೆಂಬರ್‌ನ ನಿರ್ದೇಶನ ಅಂಗಡಿಯಲ್ಲಿ ಮೆಷಿನ್ ಇಡುವ ಕಂಪನಿಗಳನ್ನೂ ಈ ನಿಯಮದ ಒಳಗೆ ತಂದಿದೆ. ನಿಮ್ಮ ದುಡ್ಡನ್ನು ಅವರು ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲೇ (ತಮ್ಮ ಸ್ವಂತ ಖರ್ಚಿಗೆ ಬಳಸಲಾಗದ ಖಾತೆ) ಇಡಬೇಕು.

ದುಡ್ಡು ಯಾವಾಗ ಬರುತ್ತೆ ಅನ್ನುವುದೂ ಕೇಳಬೇಕು. ಸಾಮಾನ್ಯವಾಗಿ ಮಾರನೆಯ ದಿನ. ಭಾನುವಾರ, ಹಬ್ಬದ ರಜೆ ಬಂದರೆ ಏನು ಮಾಡುತ್ತಾರೆ ಅಂತ ಕೇಳಿಕೊಳ್ಳಿ. ಕೆಲವು ಮೆಷಿನ್‌ಗಳಲ್ಲಿ ರಾತ್ರಿ ಅಂಗಡಿ ಮುಚ್ಚುವ ಮುಂಚೆ ‘ಸೆಟಲ್‌ಮೆಂಟ್’ ಒತ್ತಬೇಕು. ಒತ್ತಲು ಮರೆತರೆ ದುಡ್ಡು ಬರುವುದು ತಡವಾಗುತ್ತದೆ. ಶಟರ್ ಎಳೆಯುವ ಕೆಲಸದ ಜೊತೆಗೇ ಅದನ್ನೂ ಸೇರಿಸಿಕೊಳ್ಳಿ. ಇನ್ನೊಂದು ತಪ್ಪು ನಾನು ಪದೇ ಪದೇ ನೋಡುತ್ತೇನೆ. 10,000ದ ಬಿಲ್‌ಗೆ ಶುಲ್ಕ ಹಿಡಿದು 9,800 ಚಿಲ್ಲರೆ ಖಾತೆಗೆ ಬರುತ್ತದೆ. ಅದನ್ನೇ ವ್ಯಾಪಾರ ಅಂತ ಬರೆಯುತ್ತಾರೆ. ಹಾಗಲ್ಲ. ವ್ಯಾಪಾರ 10,000ವೇ. ಹಿಡಿದದ್ದು ಖರ್ಚು.

ಈಗ ಸ್ಲಿಪ್ ಬಗ್ಗೆ. ನನಗೆ ಗೊತ್ತಿದ್ದ ಒಬ್ಬ ಫರ್ನಿಚರ್ ಅಂಗಡಿಯವರು ಮಂಚಕ್ಕೆ 38,000 ರೂಪಾಯಿ ಕಾರ್ಡ್‌ನಲ್ಲಿ ತಗೊಂಡು ಮನೆಗೆ ಕಳಿಸಿದ್ದರು. ಎರಡು ತಿಂಗಳಾದ ಮೇಲೆ ಗಿರಾಕಿ ‘ಮಂಚ ಬಂದೇ ಇಲ್ಲ’ ಅಂತ ತನ್ನ ಬ್ಯಾಂಕಿಗೆ ದೂರು ಕೊಟ್ಟ. ಇವರಿಗೆ ಪುರಾವೆ ಕೊಡಲು ಕೆಲವೇ ದಿನ ಸಮಯ. ಡ್ರಾಯರ್ ತೆರೆದರೆ ಸ್ಲಿಪ್ ಪೂರ್ತಿ ಬಿಳಿಯಾಗಿತ್ತು. ಆ ಕಾಗದದ ಗುಣವೇ ಹಾಗೆ, ಬಿಸಿಗೆ ಅಕ್ಷರ ಹಾರಿಹೋಗುತ್ತದೆ. ಮಂಚ ಇಳಿಸಿಕೊಂಡಿದ್ದಕ್ಕೆ ಸಹಿಯೂ ಇರಲಿಲ್ಲ. ಅಷ್ಟೂ ದುಡ್ಡು ಅವರ ಖಾತೆಯಿಂದ ಹೋಯಿತು. ಅವರು ಆ ಖಾಲಿ ಕಾಗದ ಬೆಳಕಿಗೆ ಹಿಡಿದು ನೋಡುತ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನೀವು ಬ್ಲೌಸ್ ಹೊಲಿಗೆಗೆ, ಕುಚ್ಚು ಹಾಕಲು ಅಂತ ಸೀರೆ ಇಟ್ಟುಕೊಳ್ಳುತ್ತೀರಲ್ಲ, ವಾಪಸ್ ಕೊಡುವಾಗ ಬಿಲ್ ಬುಕ್‌ನಲ್ಲಿ ಸಹಿ ಹಾಕಿಸಿ. ಸ್ಲಿಪ್‌ನ ಫೋಟೋ ಆವತ್ತೇ ತೆಗೆದಿಡಿ. ಅಮೆರಿಕದಲ್ಲಿರುವ ಗಿರಾಕಿಯ ಮಗಳು ವಾಟ್ಸಾಪ್‌ನಲ್ಲಿ ಸೀರೆ ನೋಡಿ ಪೇಮೆಂಟ್ ಲಿಂಕ್ ಕೇಳಿದರೆ ಇನ್ನೂ ಎಚ್ಚರ ಬೇಕು. ಅಲ್ಲಿನ ಕಾರ್ಡ್‌ಗೆ ನಮ್ಮ ಹಾಗೆ ಪ್ರತಿ ಸಲ ಓಟಿಪಿ ಇರುವುದಿಲ್ಲ, ‘ನಾನು ಕೊಟ್ಟಿಲ್ಲ’ ಅಂದರೆ ನಿಮಗೆ ವಾದ ಮಾಡುವುದು ಕಷ್ಟ. ಕೊರಿಯರ್ ರಸೀದಿ, ಮಾತುಕತೆಯ ಸ್ಕ್ರೀನ್‌ಶಾಟ್ ಎರಡನ್ನೂ ಇಟ್ಟುಕೊಳ್ಳಿ. ‘50 ಸಾವಿರ ಉಜ್ಜಿ, ಸೀರೆ ಬೇಡ, ಕ್ಯಾಶ್ ಕೊಡಿ’ ಅಂತ ಬರುವವರೂ ಇದ್ದಾರೆ. ಅವರನ್ನು ಬಾಗಿಲಿಂದಲೇ ಕಳಿಸಿ.

ಮೆಷಿನ್ ತಗೊಳ್ಳುವ ಮುಂಚೆ ಏಜೆಂಟ್‌ಗೆ ಹೇಳಿ ಒಂದು ದಿನ ನಿಮ್ಮ ಗಲ್ಲಾದ ಹತ್ತಿರ ಇಟ್ಟು ನೋಡಿ. ಒಳಗೆ ಸಿಮ್ ಯಾವುದಿದೆಯೋ ಅದರ ಸಿಗ್ನಲ್ ನಿಮ್ಮ ಅಂಗಡಿಯ ಒಳಮೂಲೆಯಲ್ಲಿ ಸಿಗಬೇಕಲ್ಲ. ನಮ್ಮ ಮಲೆನಾಡಿನ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ. ವೈಫೈಗೂ ಹೊಂದುವ ಮೆಷಿನ್ ಆದರೆ ಒಳ್ಳೆಯದು. ನಡುವೆ ಸಿಗ್ನಲ್ ಹೋಗಿ ಗಿರಾಕಿಯ ದುಡ್ಡು ಕಟ್ ಆಗಿ, ನಿಮಗೆ ಬರದೇ ಹೋದರೆ ಗಾಬರಿ ಬೇಡ. ಅವರ ಬ್ಯಾಂಕ್ ಐದು ದಿನದೊಳಗೆ ತಾನಾಗಿಯೇ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2019ರಿಂದ ಈ ನಿಯಮ ಇದೆ. ಅದನ್ನು ಗಿರಾಕಿಗೆ ಸಮಾಧಾನವಾಗಿ ಹೇಳಿ. 5,000 ರೂಪಾಯಿವರೆಗೆ ಕಾರ್ಡ್ ತಾಗಿಸಿದರೆ ಸಾಕು, ಪಿನ್ ಬೇಡ. ಅದು ತಂಗಿಗೂ ಗೊತ್ತಿರಲಿ.

ಅಪ್ಪನ ಹೆದರಿಕೆ ಸುಳ್ಳಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದವು. ಅದು ಮುಖ್ಯವಾಗಿ ನೋಂದಣಿ ಇಲ್ಲದೆ ಮಿತಿ ದಾಟಿದವರ ವಿಷಯ. ಸರಕು ಮಾರುವವರಿಗೆ ಆ ಮಿತಿ ವರ್ಷಕ್ಕೆ 40 ಲಕ್ಷ. ನೀವು ನೋಂದಣಿ ಮಾಡಿಸಿ ಬಿಲ್ ಹಾಕುತ್ತಿದ್ದೀರಿ. ತೆರಿಗೆ ಬರುವುದು ಮಾರಿದ್ದಕ್ಕೆ, ಕಾರ್ಡ್ ಉಜ್ಜಿದ್ದಕ್ಕಲ್ಲ. ಆದಾಯ ತೆರಿಗೆಯಲ್ಲಂತೂ ನಿಮಗೆ ಅನುಕೂಲವೇ ಇದೆ. ಅಂದಾಜು ಲಾಭದ ಮೇಲೆ ರಿಟರ್ನ್ ಹಾಕುವ ಸಣ್ಣ ವ್ಯಾಪಾರಿಗಳಿಗೆ ಕ್ಯಾಶ್ ವ್ಯಾಪಾರದಲ್ಲಿ 8 ಪರ್ಸೆಂಟ್ ಲಾಭ ಅಂತ ಹಿಡಿದರೆ, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6 ಪರ್ಸೆಂಟ್. ಪಕ್ಕದವರು ಸಂಜೆ ಕೈಗೆ ಕೊಡುವ ಕ್ಯಾಶ್‌ನಲ್ಲಿ ಈ ಅನುಕೂಲವೂ ಹೋಗುತ್ತಿದೆ. ಅಪ್ಪನನ್ನೇ ಕರೆದುಕೊಂಡು ಒಮ್ಮೆ ನಿಮ್ಮ ಆಡಿಟರ್ ಹತ್ತಿರ ಕೂತು ಬನ್ನಿ.

ಮೆಷಿನ್ ಬಂದು ಒಂದು ತಿಂಗಳಾದ ಮೇಲೆ ಸ್ಟೇಟ್‌ಮೆಂಟ್ ತೆಗೆಸಿ. ರುಪೇ ಡೆಬಿಟ್ ಎದುರಿಗೆ ಸೊನ್ನೆ ಇದೆಯಾ, ಬೇರೆ ಡೆಬಿಟ್ 0.9 ಒಳಗಿದೆಯಾ, ಬಾಡಿಗೆ ಅಂತ ಏನಾದರೂ ಕಟ್ ಆಗಿದೆಯಾ, ಮೂರೂ ನೋಡಿ. ತಪ್ಪಿದ್ದರೆ ಏಜೆಂಟ್‌ಗೆ ಫೋನ್ ಮಾಡುತ್ತಾ ಕೂರಬೇಡಿ. ಬ್ಯಾಂಕಿಗೆ ಇಮೇಲ್ ಹಾಕಿ ದೂರಿನ ನಂಬರ್ ತಗೊಳ್ಳಿ. 30 ದಿನ ಕಳೆದರೂ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. ಅದಕ್ಕೆ ಉಚಿತ ಫೋನ್ 14448.